ಕಲ್ಯಾಣಿಯಿಂದ ಈಜುಕೊಳದವರೆಗೆ: ನೀರಿನ ಬಾಗಿಲ ಕಥೆ

ಶಾಲಾ ಪ್ರವಾಸದಲ್ಲಿ ನೀವು ಶ್ರವಣಬೆಳಗೊಳಕ್ಕೆ ಹೋಗಿರಬಹುದು. ಚನ್ನರಾಯಪಟ್ಟಣ ತಾಲ್ಲೂಕಿನ ಈ ಊರಿಗೆ ಹೆಸರು ಬಂದದ್ದೇ ಒಂದು ಕೊಳದಿಂದ. ಬೆಳಗೊಳ ಎಂದರೆ ಬಿಳಿಯ ಕೊಳ. ವಿಂಧ್ಯಗಿರಿ, ಚಂದ್ರಗಿರಿಗಳ ನಡುವೆ ಇರುವ ಕಲ್ಯಾಣಿಯನ್ನು ಕಟ್ಟಿಸಿದವನು 1672ರಿಂದ 1704ರವರೆಗೆ ಮೈಸೂರನ್ನು ಆಳಿದ ಚಿಕ್ಕದೇವರಾಜ ಒಡೆಯರ್. ಕೆಲಸ ಮುಗಿಯುವ ಮೊದಲೇ ದೊರೆ ತೀರಿಕೊಂಡನೆಂದೂ, ಟಂಕಸಾಲೆಯ ಅಧಿಕಾರಿಯಾಗಿದ್ದ ಅಣ್ಣಯ್ಯನು ಮುಂದೆ ಅದನ್ನು ಪೂರ್ಣಗೊಳಿಸಿದನೆಂದೂ ಅನಂತಕವಿಯ ಕಾವ್ಯದಿಂದ ತಿಳಿಯುತ್ತದೆ.

ಗೊಮ್ಮಟನನ್ನು ನೋಡುವ ಅವಸರದಲ್ಲಿ ಹಲವರು ಈ ಕಲ್ಯಾಣಿಯ ಒಂದು ಅಂಶವನ್ನು ಗಮನಿಸುವುದಿಲ್ಲ. ನಾಲ್ಕೂ ಕಡೆ ಮೆಟ್ಟಿಲುಗಳಿವೆ, ನಿಜ. ಆದರೆ ಸುತ್ತಲೂ ಗೋಡೆಯಿದೆ. ಗೋಡೆಯಲ್ಲಿ ಗೋಪುರವಿರುವ ಬಾಗಿಲುಗಳಿವೆ. ನೀರಿಗೇಕೆ ಬಾಗಿಲು? ಈ ಪ್ರಶ್ನೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಇಂದಿನ ಒಂದು ತಕರಾರಿನ ಕಡೆಗೆ ಬರೋಣ.

ಹಾಸನ ಜಿಲ್ಲೆಯಲ್ಲಿ ಈಗ ರೆಸಾರ್ಟುಗಳೂ ಹೋಂ ಸ್ಟೇಗಳೂ ಹೆಚ್ಚಿವೆ. ಅವುಗಳಲ್ಲಿ ಹಲವಕ್ಕೆ ಈಜುಕೊಳಗಳಿವೆ. ಬೇಸಗೆಯಲ್ಲಿ ಊರ ಕೆರೆ ಬತ್ತಿದಾಗ ಬೇಲಿಯಾಚೆಯ ನೀಲಿ ನೀರು ಯಾರನ್ನಾದರೂ ಸೆಳೆಯುತ್ತದೆ. ಬೇಲಿ ಹಾರಿ ಬರುವವರು, ಅತಿಥಿಯೊಬ್ಬನ ಗೆಳೆಯರೆಂದು ಹೇಳಿಕೊಂಡು ಒಳಸೇರುವವರು, ಊಟಕ್ಕೆಂದು ಬಂದು ನೀರಿಗಿಳಿಯುವವರು ಎಲ್ಲ ಕಡೆಯೂ ಇದ್ದಾರೆ. 'ನಾಲ್ಕು ಜನ ಹೆಚ್ಚಿಗೆ ಈಜಿದರೆ ನೀರು ಸವೆದು ಹೋಗುತ್ತದೆಯೇ?' ಎಂಬುದು ಅವರ ವಾದ. 'ಹೊರಗಿನವರನ್ನು ಬಿಟ್ಟರೆ ಕೊಳ ಕೆಡುತ್ತದೆ' ಎಂಬುದು ಮಾಲೀಕರ ವಾದ. ಯಾವುದು ಸರಿ? ಉತ್ತರಕ್ಕಾಗಿ ಚರಿತ್ರೆ ಮತ್ತು ರಸಾಯನ ವಿಜ್ಞಾನ ಎರಡನ್ನೂ ಕೇಳಬೇಕಾಗುತ್ತದೆ.

ಹುಟ್ಟನ್ನು ಕೇಳಿದ ಬಾಗಿಲು

ಮೊದಲು ತಪ್ಪು ಕಾರಣಕ್ಕೆ ಮುಚ್ಚಿದ ಬಾಗಿಲುಗಳನ್ನು ನೋಡೋಣ. ಸಾರ್ವಜನಿಕ ಹಣದ ಕೆರೆ ಬಾವಿಗಳು ಅಸ್ಪೃಶ್ಯರೆನಿಸಿಕೊಂಡವರಿಗೂ ತೆರೆದಿರಬೇಕೆಂದು ಮುಂಬಯಿ ಶಾಸನ ಪರಿಷತ್ತು 1923ರಲ್ಲಿ ನಿರ್ಣಯ ಮಾಡಿತು. ಮಹಾಡ್ ಪಟ್ಟಣದ ಪುರಸಭೆಯೂ ಅದನ್ನು ಒಪ್ಪಿತು. ಆದರೆ ಅಲ್ಲಿನ ಚವದಾರ್ ಕೆರೆಯ ನೀರನ್ನು ಮುಟ್ಟಲು ಅವರಿಗೆ ಸಾಧ್ಯವಾಗಲಿಲ್ಲ. 1927ರ ಮಾರ್ಚ್ 20ರಂದು ಡಾ. ಬಿ. ಆರ್. ಅಂಬೇಡ್ಕರ್ ಸಾವಿರಾರು ಜನರೊಡನೆ ಹೋಗಿ ಆ ನೀರನ್ನು ಬೊಗಸೆಯಲ್ಲಿ ಕುಡಿದರು. ಮುಂದೇನಾಯಿತು ಗೊತ್ತೆ? ಕೆರೆಯನ್ನು 'ಶುದ್ಧಿ' ಮಾಡಲೆಂದು ಸಂಪ್ರದಾಯಸ್ಥರು 108 ಕೊಡಗಳಷ್ಟು ಹಾಲು, ಮೊಸರು, ಸಗಣಿ, ಗೋಮೂತ್ರಗಳನ್ನು ನೀರಿಗೆ ಸುರಿದರು! ವಿಜ್ಞಾನದ ದೃಷ್ಟಿಯಿಂದ ನೋಡಿ: ಬೊಗಸೆ ನೀರು ಕುಡಿದವರಿಂದ ಕೆರೆ ಕೆಡಲಿಲ್ಲ. ಶುದ್ಧಿಯ ಹೆಸರಿನಲ್ಲಿ ಬಿದ್ದ ಸಾವಯವ ವಸ್ತುವು ಮಾತ್ರ ಬ್ಯಾಕ್ಟೀರಿಯಾಗಳಿಗೆ ಆಹಾರವಾಯಿತು. ಕೆರೆಯ ಹಕ್ಕಿನ ವ್ಯಾಜ್ಯ ಹತ್ತು ವರ್ಷ ನಡೆದು 1937ರ ಮಾರ್ಚ್‌ನಲ್ಲಿ ಮುಂಬಯಿ ಹೈಕೋರ್ಟಿನಲ್ಲಿ ಅಂಬೇಡ್ಕರ್ ಅವರ ಪಕ್ಷಕ್ಕೆ ಜಯವಾಯಿತು.

ಇನ್ನೊಂದು ಘಟನೆ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಅಮೆರಿಕದ ಫ್ಲಾರಿಡಾ ರಾಜ್ಯದ ಸೇಂಟ್ ಅಗಸ್ಟೀನ್ ಪಟ್ಟಣ. 1964ರ ಜೂನ್ 18. ಅಲ್ಲಿನ ಮಾನ್ಸನ್ ಮೋಟೆಲಿನ ಈಜುಕೊಳಕ್ಕೆ ಕರಿಯರಿಗೆ ಪ್ರವೇಶವಿರಲಿಲ್ಲ. ಮೋಟೆಲಿನಲ್ಲಿ ಕೊಠಡಿ ಪಡೆದಿದ್ದ ಬಿಳಿಯ ಹೋರಾಟಗಾರರು ಕರಿಯ ಗೆಳೆಯರನ್ನು ತಮ್ಮ ಅತಿಥಿಗಳೆಂದು ಕರೆದುಕೊಂಡು ಕೊಳಕ್ಕಿಳಿದರು. ಸಿಟ್ಟಾದ ವ್ಯವಸ್ಥಾಪಕ ಮ್ಯೂರಿಯಾಟಿಕ್ ಆಮ್ಲ, ಅಂದರೆ ಹೈಡ್ರೊಕ್ಲೋರಿಕ್ ಆಮ್ಲವನ್ನು ತಂದು ನೀರಿಗೆ ಸುರಿದ. ಆ ಛಾಯಾಚಿತ್ರ ಜಗತ್ತಿನ ಪತ್ರಿಕೆಗಳಲ್ಲಿ ಬಂತು. ಮರುದಿನವೇ ಅಮೆರಿಕದ ಸೆನೆಟ್ ನಾಗರಿಕ ಹಕ್ಕುಗಳ ಮಸೂದೆಯನ್ನು ಅಂಗೀಕರಿಸಿತು. ಜುಲೈ 2ರಂದು ಅದು ಕಾಯಿದೆಯಾಯಿತು.

ಆ ಆಮ್ಲದಿಂದ ಈಜುಗಾರರಿಗೆ ಸುಟ್ಟ ಗಾಯವಾಗಲಿಲ್ಲ. ಏಕೆ? ವಿದ್ಯಾರ್ಥಿಗಳು ಇದನ್ನು ಲೆಕ್ಕ ಹಾಕಿಯೇ ತಿಳಿಯಬಹುದು. ಒಂದು ಕೊಳದಲ್ಲಿ 1,00,000 ಲೀಟರ್ ನೀರಿದೆ ಎನ್ನಿ. ಅಂಗಡಿಯಲ್ಲಿ ಸಿಗುವ ಗಾಢ ಆಮ್ಲದ ಒಂದು ಲೀಟರಿನಲ್ಲಿ ಸುಮಾರು 10 ಮೋಲ್ ಆಮ್ಲವಿರುತ್ತದೆ. 4 ಲೀಟರ್ ಸುರಿದರೆ 40 ಮೋಲ್. ಅಂದರೆ ಲೀಟರ್ ನೀರಿಗೆ 0.4 ಮಿಲಿಮೋಲ್ ಮಾತ್ರ. ನೀರಿನ ಕ್ಷಾರೀಯತೆ ಲೀಟರಿಗೆ 100 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬನೇಟಿಗೆ ಸಮವಾಗಿದ್ದರೆ, ಅದರಲ್ಲಿ ಸುಮಾರು 2 ಮಿಲಿಮೋಲ್ ಬೈಕಾರ್ಬನೇಟ್ ಇರುತ್ತದೆ. ಅದು ಆಮ್ಲವನ್ನೆಲ್ಲ ಹೀರಿಕೊಳ್ಳುತ್ತದೆ. 7.5 ಇದ್ದ ಪಿಎಚ್ ಸುಮಾರು 6.8ಕ್ಕೆ ಇಳಿದು ನಿಲ್ಲುತ್ತದೆ. ಆದರೆ ನೀರಿನಲ್ಲಿ ಬೆರೆಯುವ ಮೊದಲು ಗಾಢ ಆಮ್ಲವು ಮೈಗೆ ಸಿಡಿದಿದ್ದರೆ ಅಪಾಯವಾಗುತ್ತಿತ್ತು ಎಂಬುದನ್ನೂ ಮರೆಯಬಾರದು. ಕೊಳದಲ್ಲಿದ್ದವರ ಕೂಗಾಟಕ್ಕೆ ಕಾರಣವಿತ್ತು.

ಮಹಾಡಿನ ಕೊಡಗಳಿಗೂ ಸೇಂಟ್ ಅಗಸ್ಟೀನಿನ ಆಮ್ಲಕ್ಕೂ ಒಂದೇ ಪಾಠ. ಈಜುವವರ ಹುಟ್ಟು ಯಾವುದೆಂದು ನೀರಿಗೆ ತಿಳಿಯದು. ಅದಕ್ಕೆ ತಿಳಿಯುವುದು ಎಷ್ಟು ದೇಹಗಳು ಇಳಿದವು, ಅವು ಏನನ್ನು ತಂದವು ಎಂಬುದಷ್ಟೆ.

ರೋಗವನ್ನು ತಡೆದ ಬಾಗಿಲು

ಹಾಗಾದರೆ ಬಾಗಿಲೇ ಬೇಡವೇ? ಹಾಗಲ್ಲ. ನೀರಿನ ಬಾಗಿಲು ಮುಚ್ಚಿ ಜೀವ ಉಳಿಸಿದ ಉದಾಹರಣೆಗಳೂ ಇವೆ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಬಳಿ ಕಾಲರಾ ಹಬ್ಬಿದಾಗ, ಡಾ. ಜಾನ್ ಸ್ನೋ ಸತ್ತವರ ಮನೆಗಳನ್ನು ಗುರುತಿಸುತ್ತಾ ಹೋಗಿ ಒಂದು ಪಂಪಿನ ಮೇಲೆ ಸಂಶಯಪಟ್ಟರು. ಸೆಪ್ಟೆಂಬರ್ 8ರಂದು ಆ ಪಂಪಿನ ಹಿಡಿಯನ್ನು ಕಳಚಲಾಯಿತು. ಯಾರ ಜಾತಿ, ಯಾರ ಅಂತಸ್ತನ್ನೂ ಕೇಳದೆ ಎಲ್ಲರಿಗೂ ಒಂದೇ ಸಮನಾಗಿ ಮುಚ್ಚಿದ ಬಾಗಿಲು ಅದು.

ನಮ್ಮ ದೇಶದ ಉದಾಹರಣೆ ಇನ್ನೂ ದೊಡ್ಡದು. ನಾರುಹುಣ್ಣಿನ ಬಗ್ಗೆ ನಿಮ್ಮ ಹಿರಿಯರನ್ನು ಕೇಳಿ ನೋಡಿ. ಕರ್ನಾಟಕವೂ ಸೇರಿ ಹಲವು ರಾಜ್ಯಗಳಲ್ಲಿ ಈ ಕಾಯಿಲೆಯಿತ್ತು. ರೋಗಿ ಮೆಟ್ಟಿಲು ಬಾವಿಗೆ ಇಳಿದಾಗ ಕಾಲಿನ ಹುಣ್ಣಿನಿಂದ ಹುಳುವಿನ ಮರಿಗಳು ನೀರಿಗೆ ಸೇರುತ್ತವೆ. ಸೈಕ್ಲಾಪ್ಸ್ ಎಂಬ ಸಣ್ಣ ಜಲಜೀವಿ ಅವನ್ನು ತಿನ್ನುತ್ತದೆ. ಆ ನೀರು ಕುಡಿದವರ ದೇಹದಲ್ಲಿ ಒಂದು ವರ್ಷದ ನಂತರ ಮಾರುದ್ದದ ಹುಳು ಹೊರಬರುತ್ತದೆ. ಇದಕ್ಕೆ ಲಸಿಕೆಯಿಲ್ಲ, ಹುಳುವನ್ನು ಕೊಲ್ಲುವ ಔಷಧಿಯಿಲ್ಲ. 1980ರ ದಶಕದಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದ ಒಂದು ಮುಖ್ಯ ಉಪಾಯವೆಂದರೆ ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿಗಳಾಗಿ ಮಾರ್ಪಡಿಸುವುದು. ನೀರು ಎಲ್ಲರಿಗೂ ಸಿಗಬೇಕು, ಕಾಲು ಮಾತ್ರ ನೀರಿಗೆ ತಾಗಬಾರದು! 1996ರಲ್ಲಿ ಭಾರತದ ಕೊನೆಯ ರೋಗಿ ಕಂಡುಬಂದರು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣುಮುಕ್ತವೆಂದು ಪ್ರಮಾಣೀಕರಿಸಿತು.

ನಾಲ್ಕು ಜನರ ಲೆಕ್ಕ

ಈಗ ಈಜುಕೊಳದ ಲೆಕ್ಕಕ್ಕೆ ಬರೋಣ. ಈಜುಕೊಳದ ನೀರಿಗೆ ಕ್ಲೋರಿನ್ ಹಾಕುವ ಪದ್ಧತಿ 1910ರ ಸುಮಾರಿಗೆ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿ ಆರಂಭವಾಯಿತು. ಕ್ಲೋರಿನ್ ನೀರಿನಲ್ಲಿ ಹೈಪೋಕ್ಲೋರಸ್ ಆಮ್ಲವಾಗುತ್ತದೆ. ರೋಗಾಣುಗಳನ್ನು ಮುಖ್ಯವಾಗಿ ಕೊಲ್ಲುವುದು ಅದೇ. ಪಿಎಚ್ 7.5ರ ಆಸುಪಾಸಿನಲ್ಲಿ ಅದರ ಅರ್ಧದಷ್ಟು ಮಾತ್ರ ಆ ರೂಪದಲ್ಲಿ ಉಳಿದಿರುತ್ತದೆ. ಪಿಎಚ್ ಏರಿದಷ್ಟೂ ಕಡಿಮೆಯಾಗುತ್ತದೆ.

10 ಮೀಟರ್ ಉದ್ದ, 6 ಮೀಟರ್ ಅಗಲ, ಸರಾಸರಿ 1.25 ಮೀಟರ್ ಆಳದ ಕೊಳವನ್ನು ಕಲ್ಪಿಸಿಕೊಳ್ಳಿ. ಅದರಲ್ಲಿ 75,000 ಲೀಟರ್ ನೀರಿರುತ್ತದೆ. ಲೀಟರಿಗೆ 1 ಮಿಲಿಗ್ರಾಂ ಕ್ಲೋರಿನ್ ಇದ್ದರೆ ಇಡೀ ಕೊಳದಲ್ಲಿ ಇರುವುದು 75 ಗ್ರಾಂ ಅಷ್ಟೆ. ಅಷ್ಟೊಂದು ನೀರನ್ನು ಕಾಯುವುದು ಒಂದು ಹಿಡಿ ಕ್ಲೋರಿನ್!

ಇದನ್ನು ಯಾರು ಖರ್ಚು ಮಾಡುತ್ತಾರೆ? ಬೆವರು, ಎಣ್ಣೆ, ಮೈಯ ಕೊಳೆ, ಜೊತೆಗೆ ಹೇಳಿಕೊಳ್ಳಲಾಗದ ಇನ್ನೊಂದು. ಈಜುವ ಒಬ್ಬೊಬ್ಬರಿಂದ ಸರಾಸರಿ 25ರಿಂದ 30 ಮಿಲಿಲೀಟರ್ ಮೂತ್ರ ನೀರಿಗೆ ಸೇರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾರ್ಗದರ್ಶಿ ಹೇಳುತ್ತದೆ. ಮೂತ್ರದಲ್ಲಿ ಶೇಕಡಾ 2ರಷ್ಟು ಯೂರಿಯಾ ಎಂದು ಹಿಡಿದರೆ 30 ಮಿಲಿಲೀಟರಿನಲ್ಲಿ 0.6 ಗ್ರಾಂ ಯೂರಿಯಾ, ಅಂದರೆ 0.28 ಗ್ರಾಂ ನೈಟ್ರೊಜನ್. ಈ ನೈಟ್ರೊಜನ್ನೆಲ್ಲ ಅಮೋನಿಯಾ ಆದರೆ, ಅದನ್ನು ಪೂರ್ತಿಯಾಗಿ ಉತ್ಕರ್ಷಿಸಲು ಅದರ ಸುಮಾರು 7.6 ಪಟ್ಟು ತೂಕದ ಕ್ಲೋರಿನ್ ಬೇಕು. ಅಂದರೆ ಒಬ್ಬರಿಗೆ ಸುಮಾರು 2 ಗ್ರಾಂ. ಯೂರಿಯಾ ನಿಧಾನವಾಗಿ ವರ್ತಿಸುವುದರಿಂದ ಇದೆಲ್ಲ ಒಂದೇ ಗಂಟೆಯಲ್ಲಿ ಆಗುವುದಿಲ್ಲ. ಆದರೂ ಸಾಲ ಸಾಲವೇ. 20 ಜನ ಲೆಕ್ಕಕ್ಕೆ ಸಿಗದೆ ಇಳಿದರೆ 40 ಗ್ರಾಂ. ಕೊಳದಲ್ಲಿದ್ದ ಕ್ಲೋರಿನ್ನಿನ ಅರ್ಧಕ್ಕಿಂತ ಹೆಚ್ಚು!

ಕೊಳದ ಹತ್ತಿರ ಮೂಗಿಗೆ ಬಡಿಯುವ ಘಾಟು ವಾಸನೆ ಸ್ವಚ್ಛತೆಯ ಗುರುತು ಎಂದು ಹಲವರು ತಿಳಿದಿದ್ದಾರೆ. ವಾಸ್ತವದಲ್ಲಿ ಅದು ಕ್ಲೋರಿನ್ ಮತ್ತು ಮೈಯ ಕೊಳೆ ಸೇರಿ ಆದ ಕ್ಲೋರಮೀನುಗಳ ವಾಸನೆ. ಘಾಟು ಹೆಚ್ಚಿದ್ದರೆ ಕೊಳದಲ್ಲಿ ಜನ ಹೆಚ್ಚಾಗಿದ್ದಾರೆ, ಮೈ ತೊಳೆಯದೆ ಇಳಿದಿದ್ದಾರೆ ಎಂದರ್ಥ. ಕ್ರಿಪ್ಟೊಸ್ಪೊರಿಡಿಯಂ ಎಂಬ ಭೇದಿ ತರುವ ಪರೋಪಜೀವಿಯಂತೂ ಲೀಟರಿಗೆ 1 ಮಿಲಿಗ್ರಾಂ ಕ್ಲೋರಿನ್ ಇರುವ ನೀರಿನಲ್ಲಿ ಒಂದು ವಾರಕ್ಕೂ ಮೀರಿ ಬದುಕಬಲ್ಲದು. ಅದನ್ನು ತರುವವರು ಹಣ ಕೊಟ್ಟ ಅತಿಥಿಯೂ ಆಗಿರಬಹುದು, ಬೇಲಿ ಹಾರಿದವರೂ ಆಗಿರಬಹುದು. ಆದ್ದರಿಂದ ಮಾಲೀಕರ ವಾದ ಅರ್ಧ ಸರಿ. ಕೊಳ ಕೆಡುವುದು ಹೊರಗಿನವರು ಎಂಬ ಕಾರಣಕ್ಕಲ್ಲ, ಲೆಕ್ಕ ತಪ್ಪಿದ್ದಕ್ಕೆ.

ಆಳವನ್ನು ಕಾಯುವ ಬಾಗಿಲು

ಬಾಗಿಲಿಗೆ ಎರಡನೆಯ ಸರಿಯಾದ ಕಾರಣ ಆಳ. ರಾತ್ರಿ ಕದ್ದು ಇಳಿದವನು ಮುಳುಗಿದರೆ ಅವನು ಅಲ್ಲಿದ್ದಾನೆಂದು ಯಾರಿಗೂ ಗೊತ್ತಿರುವುದಿಲ್ಲ. ಹಾಗೆಂದು ಅತಿಥಿಗಳು ಸುರಕ್ಷಿತರೆಂದೂ ಅಲ್ಲ. 2024ರ ನವೆಂಬರ್‌ನಲ್ಲಿ ಉಳ್ಳಾಲದ ಬಳಿ ರೆಸಾರ್ಟೊಂದರ ಈಜುಕೊಳದಲ್ಲಿ ಮೈಸೂರಿನ ಮೂವರು ವಿದ್ಯಾರ್ಥಿನಿಯರು ಮುಳುಗಿ ತೀರಿಕೊಂಡರು. ಅವರು ಬೇಲಿ ಹಾರಿ ಬಂದವರಲ್ಲ. ಅಲ್ಲಿ ತಂಗಿದ್ದ ಅತಿಥಿಗಳು. ಪ್ರವೇಶದ ಚೀಟಿ ಯಾರನ್ನೂ ತೇಲಿಸುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದುಃಖದ ಸಾಕ್ಷ್ಯ ಬೇಕಿಲ್ಲ.

ಮಕ್ಕಳು ಮುಳುಗುವುದನ್ನು ತಡೆಯಲು ಆಸ್ಟ್ರೇಲಿಯಾ ಮನೆಗಳ ಕೊಳಕ್ಕೂ ಬೇಲಿಯನ್ನು ಕಡ್ಡಾಯ ಮಾಡಿದೆ. ಬೇಲಿ ಕನಿಷ್ಠ 1.2 ಮೀಟರ್ ಎತ್ತರವಿರಬೇಕು. ಗೇಟು ತಾನಾಗಿ ಮುಚ್ಚಿ ಚಿಲಕ ಹಾಕಿಕೊಳ್ಳಬೇಕು, ಕೊಳದ ಕಡೆಗೆ ಅಲ್ಲ, ಹೊರಕ್ಕೆ ತೆರೆಯಬೇಕು. ಇಡೀ ಜಮೀನಿಗೆ ಬೇಲಿ ಹಾಕುವುದಕ್ಕಿಂತ ಕೊಳಕ್ಕೆ ಮಾತ್ರ ಸುತ್ತಲೂ ಪ್ರತ್ಯೇಕ ಬೇಲಿ ಹಾಕುವುದೇ ಮಕ್ಕಳನ್ನು ಹೆಚ್ಚು ಕಾಪಾಡುತ್ತದೆಂದು ಅಧ್ಯಯನಗಳು ತೋರಿಸಿವೆ. ಹಂಪಿಯ ರಾಣಿಯರ ಸ್ನಾನಗೃಹದ ಸುತ್ತ ಕಂದಕವಿರುವುದನ್ನು ನೀವು ನೋಡಿರಬಹುದು. ಕೊಳಕ್ಕೆ ತನ್ನದೇ ಆವರಣ ಎಂಬುದು ನಮಗೆ ಹೊಸ ವಿಚಾರವೇನಲ್ಲ.

ಬೀಗದಿಂದ ಕೈಪಟ್ಟಿಗೆ

ಇಂದು ದೊಡ್ಡ ರೆಸಾರ್ಟುಗಳಲ್ಲಿ ಅತಿಥಿಯ ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟುತ್ತಾರೆ. ಅದರೊಳಗೆ ಬ್ಯಾಟರಿಯಿಲ್ಲದ ಚಿಪ್ಪು ಮತ್ತು ತಂತಿಯ ಸುರುಳಿ ಇರುತ್ತವೆ. ಇಂಥ ಬ್ಯಾಟರಿರಹಿತ ಸಾಧನದಿಂದ ಬಾಗಿಲು ತೆರೆಯುವ ವಿಧಾನಕ್ಕೆ ಅಮೆರಿಕದ ಚಾರ್ಲ್ಸ್ ವಾಲ್ಟನ್ 1973ರಲ್ಲಿ ಪೇಟೆಂಟ್ ಪಡೆದರು. ಬಾಗಿಲ ಬಳಿಯ ಓದುಯಂತ್ರದ ಕಾಂತಕ್ಷೇತ್ರ ಬದಲಾಗುತ್ತಿರುವಾಗ ಸುರುಳಿಯಲ್ಲಿ ವಿದ್ಯುತ್ ಪ್ರೇರಿತವಾಗುತ್ತದೆ. ಫ್ಯಾರಡೆಯ ನಿಯಮವೇ ಇಲ್ಲಿ ಕೆಲಸ ಮಾಡುವುದು. ಒದ್ದೆ ಕೈಯಲ್ಲೂ ಇದು ನಡೆಯಲು ಕಾರಣವಿದೆ. 13.56 ಮೆಗಾಹರ್ಟ್ಸ್‌ನ ಕಾಂತಕ್ಷೇತ್ರಕ್ಕೆ ನೀರು ಅಷ್ಟಾಗಿ ಅಡ್ಡಿಯಾಗುವುದಿಲ್ಲ. 900 ಮೆಗಾಹರ್ಟ್ಸ್ ಆಸುಪಾಸಿನ ಅಲೆಗಳನ್ನು ನೀರೂ ದೇಹವೂ ಹೀರಿಬಿಡುತ್ತವೆ.

ಆದರೆ ಪಟ್ಟಿಯನ್ನು ಬಿಚ್ಚಿ ಗೆಳೆಯನಿಗೆ ಕೊಡಬಹುದು. ಕೆಲವು ಹಳೆಯ ಚಿಪ್ಪುಗಳ ಗೂಢಲಿಪಿಯನ್ನು 2008ರ ವೇಳೆಗೆ ಸಂಶೋಧಕರು ಭೇದಿಸಿದ್ದರು. ಆದ್ದರಿಂದ ಯಂತ್ರ ಎಣಿಸಲಿ; ನೋಡಿಕೊಳ್ಳಲು ಈಜು ಬಲ್ಲ, ತರಬೇತಿ ಪಡೆದ ಮನುಷ್ಯನೇ ಬೇಕು. ಶೋಧಕವೂ ಕ್ಲೋರಿನ್ ಯಂತ್ರವೂ ತಡೆದುಕೊಳ್ಳುವಷ್ಟು ಜನರ ಮಿತಿ, ಕೊಳಕ್ಕೆ ಇಳಿಯುವ ಮುನ್ನ ಕಡ್ಡಾಯ ಸ್ನಾನ, ಎದ್ದು ಕಾಣುವ ಆಳದ ಗುರುತು, ಜೀವರಕ್ಷಕ, ಹೊತ್ತು ಮೀರಿದರೆ ಬೀಗ: ಪ್ರವೇಶ ನಿಯಂತ್ರಣ ಎಂದರೆ ಇಷ್ಟು.

ಕಾನೂನು ಹೇಳುವುದೂ ಇದಕ್ಕೆ ಹೊಂದುತ್ತದೆ. ಸಂವಿಧಾನದ 15ನೆಯ ಅನುಚ್ಛೇದದ ಪ್ರಕಾರ ಹೋಟೆಲು, ಮನರಂಜನೆಯ ಸ್ಥಳ, ಸರ್ಕಾರಿ ಹಣದ ಅಥವಾ ಸಾರ್ವಜನಿಕರಿಗೆ ಮೀಸಲಾದ ಕೆರೆ, ಬಾವಿ, ಸ್ನಾನಘಟ್ಟಗಳಲ್ಲಿ ಧರ್ಮ, ಜಾತಿ, ಲಿಂಗ, ಹುಟ್ಟಿದ ಸ್ಥಳದ ಆಧಾರದ ಮೇಲೆ ಯಾರನ್ನೂ ತಡೆಯುವಂತಿಲ್ಲ. ಹಾಗೆಯೇ ಖಾಸಗಿ ಆವರಣಕ್ಕೆ ಕೆಟ್ಟ ಉದ್ದೇಶದಿಂದ ನುಗ್ಗುವುದು 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 329ನೆಯ ಕಲಮಿನಡಿ ಅಪರಾಧ. ಆದರೆ ಬೇಲಿ ಹಾರಿದ ಹುಡುಗನನ್ನು ಹೊಡೆಯುವ ಅಧಿಕಾರವನ್ನು ಯಾವ ಕಲಮೂ ಕಾವಲುಗಾರನಿಗೆ ಕೊಟ್ಟಿಲ್ಲ.

ಬಾಗಿಲಿಲ್ಲದ ನೀರು

ಕೊನೆಯದಾಗಿ ಒಂದು ಮಾತು. ಹೊಳೆನರಸೀಪುರದ ಪಕ್ಕದಲ್ಲಿ ಹರಿಯುವ ಹೇಮಾವತಿಗೆ, ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಕಾವೇರಿಗೆ, 1979ರಲ್ಲಿ ಪೂರ್ಣಗೊಂಡ ಗೊರೂರು ಜಲಾಶಯದ ಉದ್ದನೆಯ ದಂಡೆಗೆ ಬಾಗಿಲು ಇಡಲಾಗದು. ಕೊಳದಿಂದ ಹೊರಗಟ್ಟಿದ ಹುಡುಗ ಅಲ್ಲಿಗೆ ಹೋಗುತ್ತಾನೆ. ಅಲ್ಲಿ ಆಳದ ಗುರುತಿಲ್ಲ, ಎಣಿಸುವವರಿಲ್ಲ. ಅವನನ್ನು ಕಾಯುವುದು ಅವನು ಕಲಿತ ಈಜು ಮಾತ್ರ. ಪ್ರತಿ ತಾಲ್ಲೂಕಿನಲ್ಲೂ ಮಕ್ಕಳು ಕಡಿಮೆ ಶುಲ್ಕದಲ್ಲಿ ಈಜು ಕಲಿಯುವ ಒಂದು ಸಾರ್ವಜನಿಕ ಕೊಳವಿದ್ದರೆ ಬೇಲಿ ಹಾರುವವರೂ ಕಡಿಮೆಯಾಗುತ್ತಾರೆ, ಮುಳುಗುವವರೂ ಕಡಿಮೆಯಾಗುತ್ತಾರೆ.

ಶಿಕ್ಷಕರು ಮುಂದಿನ ಬಾರಿ ಶ್ರವಣಬೆಳಗೊಳಕ್ಕೆ ಪ್ರವಾಸ ಹೋದಾಗ ವಿದ್ಯಾರ್ಥಿಗಳನ್ನು ಕಲ್ಯಾಣಿಯ ಬಾಗಿಲ ಬಳಿ ಒಂದು ನಿಮಿಷ ನಿಲ್ಲಿಸಿ. ಉದ್ದ, ಅಗಲ, ಆಳಗಳನ್ನು ಅಂದಾಜು ಮಾಡಿ ನೀರಿನ ಪ್ರಮಾಣವನ್ನು ಲೆಕ್ಕ ಹಾಕಿಸಿ. ಅನಂತರ ಕೇಳಿ: ಈ ಬಾಗಿಲಲ್ಲಿ ನಿಂತವನು ಬರುವವರನ್ನು ಯಾವ ಪ್ರಶ್ನೆ ಕೇಳಬೇಕು? 'ನೀನು ಯಾರವನು?' ಎಂದೋ, 'ಒಳಗೆ ಎಷ್ಟು ಜನ ಇದ್ದಾರೆ, ನಿನಗೆ ಈಜು ಬರುತ್ತದೆಯೇ?' ಎಂದೋ? ಉತ್ತರವನ್ನು ಅವರೇ ಹೇಳಲಿ.