ಜೋಸೆಫೀನ್ ಕೌಂಟಿಯ ಸೇವಾ ಕಡಿತ

ಜೋಸೆಫೀನ್ ಕೌಂಟಿ ಅಮೆರಿಕದ ಆರೆಗನ್ ರಾಜ್ಯದ ನೈಋತ್ಯ ಭಾಗದಲ್ಲಿದೆ. ಇದರ ಆಡಳಿತ ಕೇಂದ್ರ ಗ್ರ್ಯಾಂಟ್ಸ್ ಪಾಸ್ ಪಟ್ಟಣ. 2010ರ ಜನಗಣತಿಯಲ್ಲಿ ಇಡೀ ಕೌಂಟಿಯ ಜನಸಂಖ್ಯೆ ಸುಮಾರು 83,000. ಬೊಕ್ಕಸ ಬರಿದಾದಾಗ ಸ್ಥಳೀಯ ಸರ್ಕಾರ ಯಾವ ಸೇವೆಯನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬ ಚರ್ಚೆ ಎದ್ದಾಗ ಈ ಕೌಂಟಿಯ ಹೆಸರು ಮತ್ತೆ ಮತ್ತೆ ಕೇಳಿಬರುತ್ತದೆ.

ಇಲ್ಲಿನ ಹೆಚ್ಚಿನ ಭೂಮಿ ಒಕ್ಕೂಟ ಸರ್ಕಾರದ ಕಾಡು. ಅದಕ್ಕೆ ಆಸ್ತಿ ತೆರಿಗೆ ಹಾಕುವಂತಿಲ್ಲ. ಬದಲಿಗೆ 1937ರ ಕಾಯ್ದೆಯೊಂದು ಮರ ಮಾರಿದ ಹಣದಲ್ಲಿ ಕೌಂಟಿಗಳಿಗೆ ಪಾಲು ಕೊಟ್ಟಿತು. ದಶಕಗಳ ಕಾಲ ನಾಟಾ ಹಣ ಹರಿದುಬಂದದ್ದರಿಂದ ಜನರ ಮೇಲೆ ಹೆಚ್ಚು ತೆರಿಗೆ ಹೇರುವ ಅಗತ್ಯವೇ ಬೀಳಲಿಲ್ಲ. ಪ್ರತಿ 1,000 ಡಾಲರ್ ಮೌಲ್ಯಕ್ಕೆ ಸುಮಾರು 58 ಸೆಂಟ್‌ನಷ್ಟಿದ್ದ ಕೌಂಟಿಯ ದರ ಆರೆಗನ್‌ನ ಅತಿ ಕಡಿಮೆ ದರಗಳಲ್ಲೊಂದು. 1990ರಲ್ಲಿ ಈ ಕಾಡುಗಳಲ್ಲಿ ವಾಸಿಸುವ ಚುಕ್ಕೆ ಗೂಬೆ ಸಂರಕ್ಷಿತ ಜೀವಿಗಳ ಪಟ್ಟಿಗೆ ಸೇರಿತು. ಅಲ್ಲಿಂದ ಮರ ಕಡಿತ ಬಹಳ ಇಳಿಯಿತು. 1997ರಲ್ಲಿ ರಾಜ್ಯದ ಮತದಾರರು ಆಸ್ತಿ ತೆರಿಗೆಯ ಶಾಶ್ವತ ದರಗಳನ್ನೇ ಸಂವಿಧಾನದಲ್ಲಿ ಕಟ್ಟಿಹಾಕಿದರು. ಆಮೇಲೆ ಕೌಂಟಿಗೆ ಉಳಿದ ಮುಖ್ಯ ದಾರಿ ಜನರ ಮತ ಕೇಳಿ ತಾತ್ಕಾಲಿಕ ತೆರಿಗೆ ಪಡೆಯುವುದು.

2000ದಲ್ಲಿ ಅಮೆರಿಕದ ಸಂಸತ್ತು ಇಳಿದ ನಾಟಾ ಆದಾಯಕ್ಕೆ ಬದಲಾಗಿ ಪರಿಹಾರ ಧನ ಮಂಜೂರು ಮಾಡಿತು. ಅದರ ಅವಧಿ ಮುಗಿಯುತ್ತಿದ್ದಂತೆ, 2007ರ ಮೇ ತಿಂಗಳಲ್ಲಿ ಕೌಂಟಿಯ ನಾಲ್ಕೂ ಗ್ರಂಥಾಲಯಗಳು ಬಾಗಿಲು ಹಾಕಿದವು.

ಮೊದಲ ಪೆಟ್ಟು ಗ್ರಂಥಾಲಯಕ್ಕೇ ಬಿದ್ದದ್ದು ಆಕಸ್ಮಿಕವಲ್ಲ. ಅದನ್ನು ನಡೆಸಲೇಬೇಕೆಂದು ಕೌಂಟಿಗೆ ಯಾವ ಕಾನೂನೂ ಹೇಳುವುದಿಲ್ಲ. ಇನ್ನೊಂದೆಡೆ, ಪೆಟ್ರೋಲ್ ತೆರಿಗೆಯ ಹಣವನ್ನು ರಸ್ತೆಗಳಿಗಷ್ಟೇ ಬಳಸಬೇಕೆಂದು ರಾಜ್ಯದ ಸಂವಿಧಾನ ವಿಧಿಸುತ್ತದೆ. ಹೀಗಾಗಿ ಬಜೆಟ್ ಸಭೆಯಲ್ಲಿ ನಿಜವಾಗಿ ತೂಗಲು ಸಿಗುವುದು ನಿರ್ದಿಷ್ಟ ಉದ್ದೇಶಕ್ಕೆ ಕಟ್ಟುಬೀಳದ ಸಾಮಾನ್ಯ ನಿಧಿಯಲ್ಲಿರುವ ಕೆಲವೇ ಸೇವೆಗಳು. ಜನರಿಗೆ ಯಾವುದು ಹೆಚ್ಚು ಬೇಕು ಎಂಬ ಪ್ರಶ್ನೆ ಕೇಳುವ ಮೊದಲೇ ಲೆಕ್ಕದ ಶೀರ್ಷಿಕೆಗಳು ಅರ್ಧ ತೀರ್ಮಾನ ಮಾಡಿಬಿಟ್ಟಿರುತ್ತವೆ.

2012ರಲ್ಲಿ ಸರದಿ ಕೌಂಟಿಯ ಪೊಲೀಸ್ ವ್ಯವಸ್ಥೆಯಾದ ಶೆರಿಫ್ ಇಲಾಖೆಯದು. ಮೇ ತಿಂಗಳಲ್ಲಿ ಹೆಚ್ಚುವರಿ ತೆರಿಗೆಯ ಪ್ರಸ್ತಾವ ಮತದಾನದಲ್ಲಿ ಬಿದ್ದಿತು. ಶೆರಿಫ್‌ನ ಕೈಕೆಳಗಿನ ಬಹುಪಾಲು ಡೆಪ್ಯುಟಿಗಳು ಕೆಲಸ ಕಳೆದುಕೊಂಡರು, ಜೈಲಿನಿಂದ ಹಲವು ಕೈದಿಗಳನ್ನು ಬಿಡಬೇಕಾಯಿತು, ಗಸ್ತು ವಾರದ ದಿನಗಳ ಹಗಲಿಗೆ ಸೀಮಿತವಾಯಿತು. ಕೌಟುಂಬಿಕ ಹಿಂಸೆಯ ಅಪಾಯವಿರುವವರು ಸಾಕಷ್ಟು ಪೊಲೀಸ್ ವ್ಯವಸ್ಥೆ ಇರುವ ಕಡೆಗೆ ಹೋಗುವುದನ್ನು ಯೋಚಿಸಬೇಕೆಂದು ಶೆರಿಫ್ ಕಚೇರಿಯೇ ಪ್ರಕಟಣೆ ಹೊರಡಿಸಿತು. ಆಗಸ್ಟ್‌ನ ಒಂದು ವಾರಾಂತ್ಯ ಮಹಿಳೆಯೊಬ್ಬರು ತುರ್ತು ಸಂಖ್ಯೆಗೆ ಕರೆ ಮಾಡಿ, ಹಿಂದೆ ಹಿಂಸೆ ನೀಡಿದ್ದ ವ್ಯಕ್ತಿ ಬಾಗಿಲು ಒಡೆಯುತ್ತಿದ್ದಾನೆ ಎಂದರು. ಕಳುಹಿಸಲು ಯಾರೂ ಇಲ್ಲ ಎಂಬ ಉತ್ತರ ಬಂತು. ಆತ ಒಳನುಗ್ಗಿ ದಾಳಿ ಮಾಡಿದ. ಉಳಿತಾಯದ ಲೆಕ್ಕದಲ್ಲಿ ಇಂಥ ನಷ್ಟಕ್ಕೆ ಕಾಲಮ್ಮೇ ಇಲ್ಲ.

ಕಡಿತದ ಭಾರ ಎಲ್ಲರ ಮೇಲೆ ಒಂದೇ ಸಮ ಬೀಳಲೂ ಇಲ್ಲ. ಗ್ರ್ಯಾಂಟ್ಸ್ ಪಾಸ್ ಪಟ್ಟಣಕ್ಕೆ ತನ್ನದೇ ಪೊಲೀಸರಿದ್ದರು. ಆತಂಕದಲ್ಲಿ ಬದುಕಿದವರು ಹೊರವಲಯದ ಹಳ್ಳಿಗರು. ಆದರೂ 2013ರ ಮೇ ತಿಂಗಳಲ್ಲಿ ಮತ್ತೊಂದು ತೆರಿಗೆ ಪ್ರಸ್ತಾವ ಅಲ್ಪ ಅಂತರದಿಂದ ಸೋತಿತು. ಇದನ್ನು ಜಿಪುಣತನ ಎಂದು ತಳ್ಳಿಹಾಕುವುದು ನ್ಯಾಯವಲ್ಲ. ಮರದ ಉದ್ಯಮ ಕುಸಿದು ಕೈಯಲ್ಲಿ ಕಾಸಿಲ್ಲದ ಊರದು. ಕಾಡಿನ ಒಡೆಯನಾದ ಸರ್ಕಾರವೇ ಹಣ ಕೊಡಲಿ ಎಂಬ ವಾದಕ್ಕೂ ಇತಿಹಾಸದ ಆಧಾರವಿತ್ತು.

ಗ್ರಂಥಾಲಯದ ಹಾದಿ ಬೇರೆಯಾಯಿತು. ಊರಿನವರೇ ಲಾಭರಹಿತ ಸಂಸ್ಥೆ ಕಟ್ಟಿ, ದೇಣಿಗೆ ಮತ್ತು ಸ್ವಯಂಸೇವಕರ ದುಡಿಮೆಯಿಂದ 2008ರ ಕೊನೆಯಲ್ಲಿ ಗ್ರ್ಯಾಂಟ್ಸ್ ಪಾಸ್ ಶಾಖೆಯನ್ನೂ ಆಮೇಲೆ ಉಳಿದವನ್ನೂ ತೆರೆದರು. 2017ರ ನವೆಂಬರ್‌ನಲ್ಲಿ ಮತದಾರರು ಗ್ರಂಥಾಲಯಕ್ಕಾಗಿಯೇ ತೆರಿಗೆ ಎತ್ತುವ ಪ್ರತ್ಯೇಕ ಗ್ರಂಥಾಲಯ ಜಿಲ್ಲೆಗೆ ಒಪ್ಪಿದರು. ಪ್ರತಿ 1,000 ಡಾಲರ್ ಮೌಲ್ಯಕ್ಕೆ 39 ಸೆಂಟ್ ತೆರಿಗೆ. ಕರ್ನಾಟಕದಲ್ಲಿ ಆಸ್ತಿ ತೆರಿಗೆಯ ಜೊತೆ ವಸೂಲಾಗುವ ಗ್ರಂಥಾಲಯ ಕರದಂತೆ ಈ ಹಣವೂ ಗ್ರಂಥಾಲಯಕ್ಕೇ ಮೀಸಲು. ಜಿಲ್ಲೆಯ ಗಡಿಯ ಹೊರಗಿರುವ ಕೌಂಟಿ ನಿವಾಸಿಗಳು ಶುಲ್ಕ ಕೊಟ್ಟು ಕಾರ್ಡ್ ಪಡೆಯಬೇಕು.