ನಾಟಕಮೂಲ ಕಾದಂಬರಿ

ಹೆಸರಾಂತ ಹಳೆಯ ನಾಟಕದ ಕಥೆಯನ್ನು ಮತ್ತೆ ಹೇಳುವ, ಇಲ್ಲವೇ ಅದು ಹೇಳದೆ ಬಿಟ್ಟದ್ದನ್ನು ಬೆಳೆಸುವ ಕಾದಂಬರಿ. ನಾಟಕದಲ್ಲಿ ಮನಸ್ಸು ಮಾತಿನ ಮೂಲಕವೇ ತೆರೆದುಕೊಳ್ಳಬೇಕು. ದೃಶ್ಯಗಳ ನಡುವಿನ ವರ್ಷಗಳು ತೆರೆಮರೆಯಲ್ಲೇ ಕಳೆದುಹೋಗುತ್ತವೆ. ಕಾದಂಬರಿಕಾರರನ್ನು ಸೆಳೆಯುವುದು ಈ ಖಾಲಿ ಜಾಗ.

ಈ ಬಗೆಯ ಅತ್ಯಂತ ಸಮರ್ಥ ಕೃತಿಗಳಲ್ಲೊಂದು ಅಮೆರಿಕದ ಜೇನ್ ಸ್ಮೈಲಿಯ ‘ಎ ಥೌಸಂಡ್ ಏಕರ್ಸ್’ (1991). ಶೇಕ್ಸ್‌ಪಿಯರನ ‘ಕಿಂಗ್ ಲಿಯರ್’ ಇಲ್ಲಿ ಅಯೋವಾ ರಾಜ್ಯದ ರೈತ ಕುಟುಂಬವೊಂದರ ಕಥೆಯಾಗುತ್ತದೆ. ಮುದುಕ ಲ್ಯಾರಿ ಕುಕ್ ತನ್ನ ಸಾವಿರ ಎಕರೆಯನ್ನು ಮೂವರು ಹೆಣ್ಣುಮಕ್ಕಳಿಗೆ ವಹಿಸಲು ಹೊರಡುತ್ತಾನೆ. ಹಿಂಜರಿದ ಕಿರಿಯಳಿಗೆ ಪಾಲು ತಪ್ಪುತ್ತದೆ. ಕಥೆ ಹೇಳುವವಳು ಹಿರಿಯಳಾದ ಜಿನ್ನಿ, ಅಂದರೆ ಮೂಲದ ಗಾನರಿಲ್. ಹಿರಿಯ ಮಕ್ಕಳಿಬ್ಬರ ಮೇಲೆ ತಂದೆ ಹಿಂದೆ ನಡೆಸಿದ್ದ ಲೈಂಗಿಕ ದೌರ್ಜನ್ಯ ಬಯಲಾದಾಗ, ಮೂಲ ನಾಟಕದಲ್ಲಿ ತಂದೆಗೆ ಕೃತಘ್ನರೆನಿಸಿ ನಾಲ್ಕು ಶತಮಾನ ಶಾಪ ಹೊತ್ತ ಆ ಪಾತ್ರಗಳ ಸಿಟ್ಟಿಗೆ ಕಾರಣ ಸಿಗುತ್ತದೆ. ಜಿನ್ನಿಯ ಮತ್ತೆಮತ್ತೆ ನಿಲ್ಲದ ಗರ್ಭಕ್ಕೂ ಬಾವಿನೀರಿಗಿಳಿದ ಕೃಷಿ ರಾಸಾಯನಿಕಕ್ಕೂ ನಂಟು ಕಲ್ಪಿಸಿರುವುದು ಸ್ಮೈಲಿಯದೇ ಸೇರ್ಪಡೆ. ಮಣ್ಣು ಮತ್ತು ಹೆಣ್ಣು ಎರಡರ ಮೇಲೂ ನಡೆದ ಒಡೆತನದ ದಬ್ಬಾಳಿಕೆಯನ್ನು ಅದು ಒಟ್ಟಿಗೆ ಕಾಣಿಸುತ್ತದೆ. ಕೃತಿಗೆ 1992ರ ಪುಲಿಟ್ಜರ್ ಪ್ರಶಸ್ತಿ ಸಂದಿತು.

ಜಾನ್ ಅಪ್‌ಡೈಕ್ ‘ಗರ್ಟ್ರೂಡ್ ಆಂಡ್ ಕ್ಲಾಡಿಯಸ್’ನಲ್ಲಿ (2000) ‘ಹ್ಯಾಮ್ಲೆಟ್’ ಆರಂಭವಾಗುವುದಕ್ಕೆ ಮುಂಚಿನ ಕಾಲವನ್ನು ಕಟ್ಟಿದರು. ಮಾರ್ಗರೆಟ್ ಆಟ್‌ವುಡ್‌ರ ‘ಹ್ಯಾಗ್-ಸೀಡ್’ (2016) ಕೆನಡಾದ ಸೆರೆಮನೆಯೊಂದರಲ್ಲಿ ಕೈದಿಗಳಿಂದ ‘ದ ಟೆಂಪೆಸ್ಟ್’ ಆಡಿಸುತ್ತದೆ. ಗ್ರೀಕ್ ನಾಟಕಗಳೂ ಹೀಗೆ ಮರುಹುಟ್ಟು ಪಡೆದಿವೆ: ಕಮಿಲಾ ಶಂಸಿಯವರ ‘ಹೋಮ್ ಫೈರ್’ (2017) ಸೊಫೊಕ್ಲೀಸನ ‘ಆಂಟಿಗನಿ’ಯನ್ನು ಪಾಕಿಸ್ತಾನಿ ಮೂಲದ ಬ್ರಿಟಿಷ್ ಕುಟುಂಬಕ್ಕೆ ತರುತ್ತದೆ. ಅಲ್ಲಿ ಸೋದರಿಯ ಹೋರಾಟ ಉಗ್ರರನ್ನು ಸೇರಿ ಸತ್ತ ಅವಳಿ ಸೋದರನ ಶವವನ್ನು ಊರಿಗೆ ತರಲು.