ಸ್ಟೈನ್‌ಮೆಟ್ಸನ ಗಣಿತ

1893ರ ಆಗಸ್ಟ್ ತಿಂಗಳಲ್ಲಿ, ಎಂದರೆ ವಿವೇಕಾನಂದರ ವಾಣಿ ಶಿಕಾಗೋ ನಗರದಲ್ಲಿ ಮೊಳಗುವುದಕ್ಕೆ ಕೆಲವೇ ದಿನಗಳ ಹಿಂದೆ, ಅದೇ ನಗರದಲ್ಲಿ ನೆರೆದ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನಕ್ಕೆ, ಸಮಾಜವಾದಿಯೆಂಬ ಕಾರಣದಿಂದ ಜರ್ಮನಿಯ ಬ್ರೆಸ್ಲೌ ಪಟ್ಟಣವನ್ನು ತೊರೆದು ಅಮೆರಿಕೆಯನ್ನು ಸೇರಿದ್ದ, ಗೂನುಬೆನ್ನಿನ ತರುಣ ಇಂಜಿನಿಯರೊಬ್ಬನು ಸಂಕೀರ್ಣ ಸಂಖ್ಯೆಗಳ ಉಪಯೋಗವನ್ನು ಕುರಿತ ಪ್ರಬಂಧವೊಂದನ್ನು ಮಂಡಿಸಿದನು. ಆತನೇ ಚಾರ್ಲ್ಸ್ ಪ್ರೋಟಿಯಸ್ ಸ್ಟೈನ್‌ಮೆಟ್ಸ್.

ನೇರ ಪ್ರವಾಹದ ದಿನಗಳಲ್ಲಿ ಓಮನ ನಿಯಮವನ್ನು ಬಲ್ಲವನಿಗೆ ಲೆಕ್ಕದ ಅಂಜಿಕೆ ಇರಲಿಲ್ಲ. ಆದರೆ ಪರ್ಯಾಯ ಪ್ರವಾಹವು ದಿಕ್ಕನ್ನು ಮೇಲಿಂದ ಮೇಲೆ ಬದಲಿಸುವುದಲ್ಲದೆ, ಸುರುಳಿಯಲ್ಲಿ ವೋಲ್ಟೇಜಿಗಿಂತ ಹಿಂದುಳಿದು, ಕಂಡೆನ್ಸರಿನಲ್ಲಿ ಅದಕ್ಕಿಂತ ಮುಂದಾಗಿ ನಡೆಯುವುದರಿಂದ, ಅದರ ಪ್ರತಿಯೊಂದು ಪ್ರಶ್ನೆಗೂ ಅವಕಲ ಸಮೀಕರಣಗಳನ್ನು ಬಿಡಿಸಬೇಕಾಗುತ್ತಿದ್ದಿತು. ಕಾರ್ಖಾನೆಯ ನಕ್ಷೆಮನೆಯಲ್ಲಿ ಕುಳಿತವನಿಗೆ ಅಷ್ಟು ವಿದ್ಯೆಯೂ ವ್ಯವಧಾನವೂ ಎಲ್ಲಿಂದ ಬರಬೇಕು? ಈ ತೊಡಕನ್ನು ಬಿಡಿಸಿದುದು ಸಂಕೀರ್ಣ ಸಂಖ್ಯೆಗಳು, ಎಂದರೆ ಋಣ ಒಂದರ ವರ್ಗಮೂಲವನ್ನು ಒಳಗೊಂಡ ಸಂಖ್ಯೆಗಳು. ಆ ವರ್ಗಮೂಲದಿಂದ ಗುಣಿಸುವುದೆಂದರೆ ರೇಖೆಯೊಂದನ್ನು 90 ಡಿಗ್ರಿ ತಿರುಗಿಸುವುದೆಂಬ ಅರ್ಥವನ್ನು 1797ರಷ್ಟು ಹಿಂದೆಯೇ ತೋರಿಸಿದ್ದವನು ವೆಸೆಲ್ ಎಂಬ ಮೋಜಣಿದಾರ. ಸ್ಟೈನ್‌ಮೆಟ್ಸನು 'ಜೆ' ಎಂಬ ಅಕ್ಷರದಿಂದ ಸೂಚಿಸಿದ ಆ ಮೂಲವೇ ಪ್ರವಾಹದ ಹಿಂದುಮುಂದುಗಳನ್ನು ಅಳೆಯುವ ಸಾಧನವಾಯಿತು. 3 ಓಂ ರೋಧವುಳ್ಳ ಸುರುಳಿಯೊಂದು ಪರ್ಯಾಯ ಪ್ರವಾಹಕ್ಕೆ 4 ಓಂ ಪ್ರೇರಣಜನ್ಯ ತಡೆಯನ್ನೂ ಒಡ್ಡುವುದಾದರೆ, ಅವೆರಡೂ ಒಂದಕ್ಕೊಂದು 90 ಡಿಗ್ರಿ ಕೋನದಲ್ಲಿ ಕೂಡುವುದರಿಂದ ಒಟ್ಟು ತಡೆ ಏಳಲ್ಲ, ಐದು; 100 ವೋಲ್ಟಿಗೆ 20 ಆಂಪಿಯರ್ ಹರಿಯುವುದು, ಅದೂ ಸುಮಾರು 53 ಡಿಗ್ರಿ ತಡವಾಗಿ. ಇಷ್ಟೂ '3 + 4ಜೆ' ಎಂಬೊಂದು ಸಂಖ್ಯೆಯಲ್ಲಿ ಅಡಗಿದೆ. ಕಲನಶಾಸ್ತ್ರದ ಸ್ಥಾನದಲ್ಲಿ ಬೀಜಗಣಿತ ಬಂದು, ಓಮನ ನಿಯಮವು ಮತ್ತೆ ಕೈಗೆಟುಕಿತು.

ಈ ಮಾರ್ಗದಲ್ಲಿ ಆತನೇ ಮೊದಲಿಗನೆಂದರೆ ಅನ್ಯಾಯವಾದೀತು. ಅದೇ ವರ್ಷದ ಏಪ್ರಿಲ್‌ನಲ್ಲಿಯೇ ಆರ್ಥರ್ ಕೆನೆಲಿ, ನಮ್ಮ ಮುಂಬಯಿಯ ಕೊಲಾಬಾದಲ್ಲಿ ಹುಟ್ಟಿದವನು, ಇದನ್ನೇ ಮುಂದಿಟ್ಟಿದ್ದನು. ಆದರೆ ವಿಧಾನವನ್ನು ಯಂತ್ರಯಂತ್ರಕ್ಕೂ ಅನ್ವಯಿಸಿ, 1897ರಲ್ಲಿ ಗ್ರಂಥವನ್ನೂ ಬರೆದು, ಒಲ್ಲದ ಇಂಜಿನಿಯರುಗಳ ಕೈಯಲ್ಲಿ ಅದನ್ನು ಬಳಕೆಗೆ ತಂದ ಶ್ರಮ ಸ್ಟೈನ್‌ಮೆಟ್ಸನದು, ಮತ್ತು ನನ್ನ ಎಣಿಕೆಯಲ್ಲಿ ಕಂಡುಹಿಡಿದುದಕ್ಕಿಂತ ಕಲಿಸಿದುದೇ ಇಲ್ಲಿ ಹೆಚ್ಚಿನದು.

ಈ ಗಣಿತದ ಅಗತ್ಯ ನಮ್ಮ ನಾಡಿನಲ್ಲಿಯೂ ಇತ್ತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಕೇಂದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ತೊಂಬತ್ತು ಮೈಲಿಗೂ ಮಿಕ್ಕ ದೂರ ಸಾಗಿದುದು ಪರ್ಯಾಯ ಪ್ರವಾಹವೇ. ಆ ಕೇಂದ್ರದ ವಿದ್ಯುದ್ಯಂತ್ರಗಳು ಬಂದುದು ಸ್ಟೈನ್‌ಮೆಟ್ಸನು ದುಡಿಯುತ್ತಿದ್ದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ. ಅಷ್ಟು ಉದ್ದದ ಮಾರ್ಗದಲ್ಲಿ ತಂತಿಯ ರೋಧವೊಂದನ್ನೇ ಎಣಿಸಿದರೆ ಸಾಲದು, ತಂತಿಯೇ ಸುರುಳಿಯಂತೆಯೂ ಕಂಡೆನ್ಸರಿನಂತೆಯೂ ವರ್ತಿಸುವುದನ್ನು 'ಜೆ'ಯ ನೆರವಿನಿಂದ ಲೆಕ್ಕಕ್ಕೆ ತಂದುಕೊಳ್ಳಬೇಕಾಗುತ್ತದೆ.